ಓದಲು ವಯಸ್ಸಾಯಿತೆನ್ನುವವರಿಗೆ



ಹೋದ ವರ್ಷದ ಯುಗಾದಿಯ ಸಮಯದಲ್ಲಿ ಮನೆಯ ತುಂಬ ನೆಂಟರಿದ್ದಾಗ, ಬೋರನಕಣಿವೆಯ ಕಡೆಯ ಒಂದು ಹಳ್ಳಿಯಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಅವಳಿಗೀಗ ನಲವತ್ತು ದಾಟಿದೆ. ಊರಿನ ಅಂಗನವಾಡಿಯಲ್ಲಿ ಸಹಾಯಕಿ. ಬಿಡುವಿನಲ್ಲಿ ಕೂಲಿಗೆ ಕೊಬ್ಬರಿ ಕೆಲಸಕ್ಕೂ ಹೋಗುತ್ತಾಳೆ. ಕಾಲಿಗೆ ನಮಸ್ಕರಿಸಿ, ಜಗಲಿಯ ಅಂಚಿನಲ್ಲಿ ಕುಳಿತು, ತುಸು ಹೊತ್ತು ಸೆರಗಿನ ತುದಿಯನ್ನು ಸುತ್ತುತ್ತಿದ್ದು, ಕೊನೆಗೆ ಹೇಳಿದಳು: "ಮೇಷ್ಟ್ರೇ, ನಾನು ಎಸ್ಸೆಸ್ಸೆಲ್ಸಿ ಕಟ್ಬೇಕು. ಯಾರನ್ನ ಕೇಳ್ಬೇಕೋ ಗೊತ್ತಾಗ್ಲಿಲ್ಲ, ನಿಮ್ಮತ್ರ ಬಂದೆ."

ನನ್ನ ಬಂಧುವೊಬ್ಬರು ಒಬ್ಬಟ್ಟಿನ ತಟ್ಟೆ ಹಿಡಿದೇ ನಕ್ಕರು. "ಪಾಸು ಮಾಡ್ಕೊಂಡು ಡಿ.ಸಿ. ಆಗ್ಬೇಕೇನಮ್ಮಾ? ಮಗಳ ಮದುವೆ ನೋಡೋ ವಯಸ್ಸು." ಉಳಿದವರೂ ನಕ್ಕರು. ಆಕೆಯೂ ನಕ್ಕಳು. ಬಡವರು ತಮ್ಮ ಮೇಲಿನ ಹಾಸ್ಯಕ್ಕೂ ನಗಲೇಬೇಕೆಂಬುದು ನಮ್ಮ ನಾಡಿನ ಅಲಿಖಿತ ಶಿಷ್ಟಾಚಾರ. ಆ ಬಂಧು ಈ ಬರಹವನ್ನು ಓದುತ್ತಾರೆಂದು ಬಲ್ಲೆ. ಓದಲೆಂದೇ ಬರೆಯುತ್ತಿದ್ದೇನೆ.

ಆದರೆ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಈಕೆ 1994ರಲ್ಲಿ ಎಂಟನೆಯ ತರಗತಿಯಲ್ಲಿದ್ದಳು. ದಸರಾ ರಜೆ ಕಳೆದು ಶಾಲೆ ತೆರೆದಾಗ ಬರಲಿಲ್ಲ. ತಾಯಿಗೆ ಕಾಯಿಲೆ, ಮನೆಯಲ್ಲಿ ಚಿಕ್ಕ ತಮ್ಮಂದಿರು ಎಂದು ಯಾರೋ ಹೇಳಿದರು. ಕೆಲವು ವಾರ ಹಾಜರಾತಿ ಪುಸ್ತಕದಲ್ಲಿ ಅವಳ ಸಾಲಿನಲ್ಲಿ ಗೈರುಹಾಜರಿ ಗುರುತು ಹಾಕುತ್ತಾ ಹೋದೆ. ಬಳಿಕ ಕೆಂಪು ಶಾಯಿಯಲ್ಲಿ ಹೆಸರಿನ ಮೇಲೆ ಗೀಟೆಳೆದೆ. ಅವಳ ಊರು ನಮ್ಮ ಶಾಲೆಗೆ ಏಳೆಂಟು ಕಿಲೋಮೀಟರು. ನನ್ನಲ್ಲಿ ಸೈಕಲ್ ಇತ್ತು. ಹೋಗಲಿಲ್ಲ. ನನ್ನ ಮೂವತ್ತೈದು ವರ್ಷಗಳ ಸೇವೆಯಲ್ಲಿ ಹೀಗೆ ಎಷ್ಟು ಹೆಸರುಗಳ ಮೇಲೆ ಗೀಟೆಳೆದೆನೋ ಲೆಕ್ಕವಿಟ್ಟಿಲ್ಲ. ಪಾಸಾದವರ ಶೇಕಡಾವಾರು ಲೆಕ್ಕವನ್ನು ಮಾತ್ರ ಫಲಕದ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದ್ದೆ. ಗೀಟೆಳೆದವರು ಆ ಶೇಕಡಾವಾರಿನ ಲೆಕ್ಕಕ್ಕೆ ಬರುವುದಿಲ್ಲವೆಂಬುದನ್ನು ನೀವು ಗಮನಿಸಬೇಕು.

ಈಗ ಅವಳಿಗೆ ಬೇಕಾದದ್ದು ಆ ಶಾಲೆಯ ವರ್ಗಾವಣೆ ಪತ್ರ. ಅದಕ್ಕಾಗಿ ನಾವಿಬ್ಬರೂ ಅಲೆದ ಕಥೆಯನ್ನು ಪೂರ್ತಿ ಹೇಳಿದರೆ ಪುರಾಣವಾದೀತು. ದಾಖಲಾತಿ ವಹಿಯಲ್ಲಿ ಅವಳ ಜನ್ಮದಿನಾಂಕ 1981ರ ಜೂನ್ 1. ಆಧಾರ್ ಚೀಟಿಯಲ್ಲಿ 1979ರ ಜನವರಿ 1. ಎರಡೂ ಸುಳ್ಳು. ಹೆತ್ತವರಿಗೆ ದಿನಾಂಕ ಗೊತ್ತಿಲ್ಲದಿದ್ದರೆ ಮಗು ಜೂನ್ 1ರಂದು ಹುಟ್ಟಿತೆಂದು ಬರೆದುಕೊಳ್ಳುವುದು ನಮ್ಮಂಥ ಮೇಷ್ಟರುಗಳ ಸಂಪ್ರದಾಯವಾಗಿತ್ತು. ವಯಸ್ಸು ಮಾತ್ರ ಹೇಳಿದವರಿಗೆ ಆಧಾರ್‌ನವರು ಜನವರಿ 1 ಎಂದು ಕೊಟ್ಟರು. ಇಬ್ಬರು ಸೋಮಾರಿಗಳು ಬರೆದ ಎರಡು ಸುಳ್ಳುಗಳು ಹೊಂದಿಕೆಯಾಗುತ್ತಿಲ್ಲವೆಂಬ ಅಪರಾಧಕ್ಕೆ ಶಿಕ್ಷೆ ಮಾತ್ರ ಅವಳಿಗೆ. ಒಂದು ಕಚೇರಿಯಲ್ಲಿ ಪ್ರಮಾಣಪತ್ರ ಮಾಡಿಸಿ ಎಂದರು, ಇನ್ನೊಂದರಲ್ಲಿ ಆ ಪ್ರಮಾಣಪತ್ರ ನಡೆಯದೆಂದರು. ಮೂರನೆಯ ಕಡೆ ಒಬ್ಬ ತರುಣ ಗುಮಾಸ್ತರು ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದರು: "ಈಗ್ಯಾಕ್ರೀ ಇದೆಲ್ಲ?" ಒಂದು ದಿನದ ಕೂಲಿ, ಬಸ್ ಖರ್ಚು, ಅಂಗನವಾಡಿಯ ರಜೆ, ಇಷ್ಟನ್ನೂ ತೆತ್ತು ಬಂದವಳಿಗೆ ಈ ಪ್ರಶ್ನೆ. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಶಾಲೆ ಬಿಟ್ಟಾಗ "ಯಾಕೆ" ಎಂದು ಒಬ್ಬರೂ ಕೇಳಲಿಲ್ಲ. ಮೂವತ್ತು ವರ್ಷಗಳ ಮೇಲೆ ಮರಳಿ ಬಂದಾಗ ಎಲ್ಲರೂ ಕೇಳುತ್ತಾರೆ.

ಇರಲಿ, ಆ ಪ್ರಶ್ನೆಗೇ ಬರೋಣ. ಈಗೇಕೆ?

ಲೌಕಿಕವಾದ ಉತ್ತರ ಒಂದಿದೆ. ಆಕೆ ಸಹಾಯಕಿಯಾಗಿ ಸೇರಿದ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು ಅಂಗನವಾಡಿ ಕಾರ್ಯಕರ್ತೆಯರಾಗಬಹುದಿತ್ತು. ಈಗಿನ ನೇಮಕಾತಿಗಳಲ್ಲಿ ಸಹಾಯಕಿಗೇ ಎಸ್ಸೆಸ್ಸೆಲ್ಸಿ, ಕಾರ್ಯಕರ್ತೆಗೆ ಪಿ.ಯು.ಸಿ. ಕೇಳುತ್ತಾರೆ. ಮಕ್ಕಳಿಗೆ ಹೆಚ್ಚು ಓದಿದವರು ಸಿಗಲಿ ಎಂಬ ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಏಣಿಯ ಮೆಟ್ಟಿಲನ್ನು ಮೇಲಕ್ಕೆ ಏರಿಸುವಾಗ, ಕೆಳಗೆ ನಿಂತವರು ಹತ್ತಿಕೊಳ್ಳಲು ಏನನ್ನಾದರೂ ಕಟ್ಟಿಕೊಡಬೇಕೆಂಬ ವಿವೇಕ ನಮ್ಮಲ್ಲಿ ಹುಟ್ಟುವುದಿಲ್ಲ.

ಅವಳು ಕೊಟ್ಟ ಉತ್ತರ ಬೇರೆಯೇ. "ಕೆಲ್ಸ ಸಿಕ್ಕಿದ್ರೆ ಸಿಕ್ಲಿ ಬಿಡಿ. ಎಂಟ್ನೇ ಕ್ಲಾಸಿನ ಲೆಕ್ಕದ ಪುಸ್ತಕ ಅರ್ಧಕ್ಕೇ ನಿಂತೋಗಿತ್ತಲ್ಲ ಮೇಷ್ಟ್ರೇ, ಅದ್ರಲ್ಲಿ ಮುಂದೇನಿತ್ತು ಅಂತ ಈಗ್ಲೂ ನೆನಪಾಗ್ತದೆ." ಮೂವತ್ತೈದು ವರ್ಷ ಲೆಕ್ಕ ಕಲಿಸಿದ ನನಗೆ ಈ ಮಾತನ್ನು ಹೇಳಿದವರು ಅವಳೊಬ್ಬಳೇ. ಮೊದಲ ದರ್ಜೆಯಲ್ಲಿ ಪಾಸಾಗಿ ಬೆಂಗಳೂರು, ಅಮೆರಿಕ ಸೇರಿದ ನಿಮ್ಮಲ್ಲಿ ಯಾರೂ ಹೇಳಿಲ್ಲ. ಬೇಸರ ಪಟ್ಟುಕೊಳ್ಳಬೇಡಿ.

ನಮ್ಮ ಸೀಮೆಯವರಿಗೆ ವಯಸ್ಸಿನ ಮಾತನ್ನು ನಾನು ಹೇಳಿಕೊಡಬೇಕೆ? ಎಳನೀರಿಗೆ ಒಂದು ಹದ, ಕಾಯಿಗೆ ಒಂದು ಹದ. ಕೊಬ್ಬರಿಯಾಗಬೇಕಾದರೆ ಅದೇ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂರಬೇಕು. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟು, ಅಲುಗಿಸಿದರೆ ಸದ್ದಾಗಬೇಕು. ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಆ ಕೊಬ್ಬರಿಗೇ. ತಡವಾಯಿತೆಂದು ಅದನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಬೋರನಕಣಿವೆಯ ಜಲಾಶಯವನ್ನೇ ನೋಡಿ. ಸುವರ್ಣಮುಖಿಗೆ ಅರಸರ ಕಾಲದಲ್ಲಿ ಕಟ್ಟಿದ ಆ ಏರಿಯ ಮೇಲೆ ನಿಂತು, ಒಡಲು ಬಿರಿದು ದನ ಮೇಯುವುದನ್ನೂ ಕಂಡಿದ್ದೇನೆ, ನೀರು ಅಲೆಯಾಡುವುದನ್ನೂ ಕಂಡಿದ್ದೇನೆ. ಮುಂಗಾರಿನಲ್ಲಿ ಬಾರದೆ ಹಿಂಗಾರಿನಲ್ಲಿ ಬಂದ ನೀರನ್ನು ಈ ವರ್ಷಕ್ಕೆ ಬೇಡವೆಂದು ಯಾವ ರೈತ ಹೇಳಿದ್ದಾನೆ?

ಸರ್ಕಾರಗಳು ಏನೂ ಮಾಡಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾದಾಗ ನಾನು ತರುಣ ಮೇಷ್ಟರು. 15ರಿಂದ 35 ವರ್ಷದೊಳಗಿನ ಹತ್ತು ಕೋಟಿ ಜನರಿಗೆ ಅಕ್ಷರ ಕಲಿಸುವ ಸಂಕಲ್ಪ ಅದು. ಲಾಂದ್ರದ ಬೆಳಕಿನಲ್ಲಿ, ದೇವಸ್ಥಾನದ ಪ್ರಾಂಗಣದಲ್ಲಿ ಪಾಠ ಮಾಡಿದ್ದೇನೆ. ಹೆಬ್ಬೆಟ್ಟು ಒತ್ತುತ್ತಿದ್ದವರು ಸಹಿ ಮಾಡಿದ ದಿನ ಅವರ ಮುಖದಲ್ಲಿ ಕಂಡ ಬೆಳಕನ್ನು ಮರೆತಿಲ್ಲ. ಆದರೆ ಸಹಿ ಬಂತು, ಫೋಟೋ ತೆಗೆದರು, ಕೇಂದ್ರ ಮುಚ್ಚಿತು. ಮುಂದಿನ ಪುಸ್ತಕವೆಲ್ಲಿ, ಮುಂದಿನ ತರಗತಿಯೆಲ್ಲಿ ಎಂದು ಕೇಳಿದವರಿಗೆ ಉತ್ತರವಿರಲಿಲ್ಲ; ಕಲಿತ ಅಕ್ಷರವನ್ನೂ ಹಲವರು ಮರೆತರು. ಆಮೇಲೆ 1988ರಲ್ಲಿ ಸಾಕ್ಷರತಾ ಮಿಷನ್ ಬಂತು, 2009ರಲ್ಲಿ ಸಾಕ್ಷರ ಭಾರತ, 2022ರಿಂದ ನವಭಾರತ ಸಾಕ್ಷರತಾ ಕಾರ್ಯಕ್ರಮ. ಹೆಸರು ಬದಲಾಯಿತು, ಲಾಂದ್ರದ ಬದಲು ಮೊಬೈಲು ಬಂತು. ಒತ್ತು ಮಾತ್ರ ಅಲ್ಲೇ, ಮೊದಲ ಮೆಟ್ಟಿಲಿನ ಮೇಲೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 75.36. ಈ ನನ್ನ ವಿದ್ಯಾರ್ಥಿನಿ ಆ ಲೆಕ್ಕದಲ್ಲಿ ಸಾಕ್ಷರಳು. ಅಂದರೆ ಅಂಕಿ ಅಂಶದ ದೃಷ್ಟಿಯಲ್ಲಿ ಅವಳ ಸಮಸ್ಯೆ ಮುಗಿದಿದೆ! ಮಕ್ಕಳ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವರ್ಷದವರಿಗೆ. ಸಾಕ್ಷರತೆಯ ಯೋಜನೆ ಅಕ್ಷರವೇ ಬಾರದವರಿಗೆ. ಇವೆರಡರ ನಡುವೆ ಬಿದ್ದವರು, ಐದು, ಏಳು, ಎಂಟನೆಯ ತರಗತಿಗೆ ಬಿಟ್ಟವರು, ಯಾರ ಮಕ್ಕಳು?

ಹಿಂದೆ ಒಂದು ಒಳ್ಳೆಯ ಏರ್ಪಾಡಿತ್ತು. ಕೇಂದ್ರ ಸಮಾಜ ಕಲ್ಯಾಣ ಮಂಡಳಿ 1958ರಲ್ಲಿ ವಯಸ್ಕ ಮಹಿಳೆಯರಿಗಾಗಿ 'ಕಂಡೆನ್ಸ್ಡ್ ಕೋರ್ಸ್' ಆರಂಭಿಸಿತು. ಶಾಲೆ ಬಿಟ್ಟ ಹೆಂಗಸರಿಗೆ ಎರಡು ವರ್ಷ ಪಾಠ ಹೇಳಿ ಮೆಟ್ರಿಕ್ಕಿಗೆ ಕೂರಿಸುವ ಯೋಜನೆ. ಎಪ್ಪತ್ತರ ದಶಕದಲ್ಲಿ ಒಂದು ಮಹಿಳಾ ಸಮಾಜದಲ್ಲಿ ಸಂಜೆಯ ಹೊತ್ತು ನಾನು ಇವರಿಗೆ ಗಣಿತ ಹೇಳಿದ್ದೆ. ಗಂಡ ಬಿಟ್ಟವರು, ವಿಧವೆಯರು, ಮಗುವನ್ನು ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದವರು. ಅವರಲ್ಲಿ ಕೆಲವರು ದಾದಿಯರಾದರು, ಇಬ್ಬರು ನನ್ನಂತೆಯೇ ಉಪಾಧ್ಯಾಯರಾಗಿ ನಿವೃತ್ತರಾದರು. ಇಂದು ನಮ್ಮ ಕಡೆ ಆ ಯೋಜನೆಯ ಹೆಸರು ಹೇಳಿದರೆ ಮಿಕಮಿಕ ನೋಡುತ್ತಾರೆ.

ಮುಕ್ತ ಶಾಲೆ, ಮುಕ್ತ ವಿಶ್ವವಿದ್ಯಾನಿಲಯಗಳಿಲ್ಲವೇ ಎಂದು ನೀವು ಕೇಳಬಹುದು. ಇವೆ. 1989ರಲ್ಲಿ ಹುಟ್ಟಿದ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹದಿನಾಲ್ಕು ತುಂಬಿದ ಯಾರೂ ಹತ್ತನೆಯ ತರಗತಿಗೆ ಹೆಸರು ಬರೆಸಬಹುದು; ಐದು ವರ್ಷದೊಳಗೆ, ಒಂಬತ್ತು ಅವಕಾಶಗಳಲ್ಲಿ, ಒಂದೊಂದೇ ವಿಷಯ ಮುಗಿಸಬಹುದು. ಬಹಳ ಮಾನವೀಯವಾದ ನಿಯಮ. ನಮ್ಮ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಇದನ್ನು ಎಷ್ಟು ಮಂದಿಗೆ ಯಾರು ಹೇಳಿದ್ದಾರೆ? ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯವು ಪಿ.ಯು.ಸಿ. ಇಲ್ಲದವರಿಗೆ ಆರು ತಿಂಗಳ ಪೂರ್ವಸಿದ್ಧತಾ ತರಗತಿಯ ದಾರಿ ಮಾಡಿತು. ಆದರೆ ಅದು ಪಿ.ಯು.ಸಿ.ಗೆ ಸಮವಲ್ಲ. ಹಾಗಾಗಿ ಪದವಿ ಪಡೆದ ಮೇಲೂ "ನಿಮ್ಮ ಪಿ.ಯು.ಸಿ. ಅಂಕಪಟ್ಟಿ ಎಲ್ಲಿ" ಎಂಬ ಪ್ರಶ್ನೆ ಬಾಗಿಲಲ್ಲಿ ಕಾದಿರುತ್ತದೆ. ಮೊದಲ ಪದವಿಯಿಲ್ಲದೆ ಮುಕ್ತ ಪದ್ಧತಿಯಲ್ಲಿ ನೇರವಾಗಿ ಪಡೆದ ಎಂ.ಎ. ಸಿಂಧುವಲ್ಲವೆಂದು ಅಣ್ಣಾಮಲೈ ವಿಶ್ವವಿದ್ಯಾನಿಲಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ತೀರ್ಪಿತ್ತಿತು. ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ಅಂಥ ಬಾಗಿಲನ್ನು ತೆರೆದು, ಶುಲ್ಕ ಕಟ್ಟಿಸಿಕೊಂಡು, ಜನರನ್ನು ಒಳಗೆ ಕರೆದವರ ಬಗ್ಗೆ ಇದೆ. 1996ರಲ್ಲಿ ಸ್ಥಾಪನೆಯಾದ ನಮ್ಮ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ನಂತರ ಮಾನ್ಯತೆಯಿಲ್ಲವೆಂದು ಯು.ಜಿ.ಸಿ. ಪ್ರಕಟಿಸಿದ್ದು 2015ರಲ್ಲಿ, ಅದು ಮರಳಿ ದೊರೆತದ್ದು 2018ರಲ್ಲಿ. ಆ ನಡುವಿನ ವರ್ಷಗಳಲ್ಲಿ ಹಗಲು ದುಡಿದು ರಾತ್ರಿ ಓದಿದವರು ಕೈಯಲ್ಲಿ ಕಾಗದ ಹಿಡಿದು ಕುಳಿತರು. ತಪ್ಪು ಯಾರದೇ ಇರಲಿ, ಓದಿದವರದಂತೂ ಅಲ್ಲ.

ವಿದ್ಯೆಯ ಮಟ್ಟ ಕುಸಿಯುತ್ತದೆಂದು ವಾದಿಸುವ ನನ್ನ ಸಹೋದ್ಯೋಗಿ ಮಿತ್ರರಿಗೆ ಒಂದು ಮಾತು. ಒಳಬರುವ ಬಾಗಿಲು ಅಗಲವಾಗಿರಲಿ, ಹೊರಹೋಗುವ ಬಾಗಿಲು ಎಷ್ಟು ಬೇಕಾದರೂ ಕಿರಿದಾಗಿರಲಿ. ಪರೀಕ್ಷೆಯಲ್ಲಿ ರಿಯಾಯಿತಿ ಕೊಡಿ ಎಂದು ಆಕೆ ಕೇಳಿಲ್ಲ, ನಾನೂ ಕೇಳುವುದಿಲ್ಲ. 'ಗ್ಯಾರಂಟಿ ಪಾಸು' ಎಂದು ಗೋಡೆಗೆ ಅಂಟಿಸುವವರು ಅವಳನ್ನೂ ಎಡತಾಕಿದ್ದರು. ಹಣ ಕೊಟ್ಟರೆ ಓದುವುದೇ ಬೇಡವೆಂದರಂತೆ. "ಓದೋದೇ ಬೇಡ ಅಂದ್ರೆ ನಾನ್ಯಾಕೆ ಓದ್ತೀನಿ ಅಂತ ಹೊರಟೆ?" ಎಂದು ಕೇಳಿ ವಾಪಸು ಬಂದಳು. ಮೆಟ್ರಿಕ್ಯುಲೇಷನ್ ದಾಟದ ಡಿ.ವಿ. ಗುಂಡಪ್ಪನವರಿಗೆ ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲಿ ಗೌರವ ಡಿ.ಲಿಟ್. ಕೊಟ್ಟಿತು. ನಮ್ಮ ನೆರೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಶಾಲೆಯ ಮುಖ ಕಾಣದ ಸಾಲುಮರದ ತಿಮ್ಮಕ್ಕನವರಿಗೂ ಗೌರವ ಡಾಕ್ಟರೇಟ್ ಸಂದಿತು. ಇವೆಲ್ಲ ಸಂತೋಷವೇ. ಆದರೆ ಓದದ ಹಿರಿಯರಿಗೆ ವೇದಿಕೆಯ ಮೇಲೆ ನಿಲುವಂಗಿ ತೊಡಿಸುವ ಸಮಾಜ, ಓದುತ್ತೇನೆಂದು ಬಂದ ಸಾಮಾನ್ಯಳೊಬ್ಬಳಿಗೆ ಒಂದು ಬೆಂಚು ಕೊಡಲು ಹಿಂಜರಿಯುತ್ತದಲ್ಲ, ಅದು ನನಗೆ ಅರ್ಥವಾಗುವುದಿಲ್ಲ.

ಇನ್ನು ಓದಿಲ್ಲವೆಂಬುದನ್ನೇ ಅಪರಾಧವಾಗಿಸುವ ಬುದ್ಧಿವಂತಿಕೆಯೂ ಉಂಟು. ಹರಿಯಾಣದಲ್ಲಿ 2015ರಲ್ಲಿ ಪಂಚಾಯಿತಿ ಚುನಾವಣೆಗೆ ನಿಲ್ಲಲು ಶಾಲಾ ವಿದ್ಯಾರ್ಹತೆ ಕಡ್ಡಾಯ ಮಾಡಿದರು, ನ್ಯಾಯಾಲಯವೂ ಎತ್ತಿಹಿಡಿಯಿತು. ರಾಜಸ್ಥಾನ ಅಂಥದೇ ನಿಯಮ ತಂದು 2019ರಲ್ಲಿ ಕೈಬಿಟ್ಟಿತು. ಅದೇ 2019ರಲ್ಲಿ ಲಾರಿ ಚಾಲಕರಿಗೆ ಎಂಟನೆಯ ತರಗತಿ ಪಾಸಾಗಿರಬೇಕೆಂಬ ಷರತ್ತನ್ನು ಕೇಂದ್ರ ಸರ್ಕಾರ ತೆಗೆದುಹಾಕಿತು. ಕೊಬ್ಬರಿ ಲೋಡು ಹೊತ್ತು ರಾಜ್ಯಗಳನ್ನು ದಾಟುವ ನಮ್ಮ ಹುಡುಗರಿಗೆ ಸಂದ ನ್ಯಾಯ ಅದು.

ನೆರೆಯ ಕೇರಳದಲ್ಲಿ ರಾಜ್ಯ ಸಾಕ್ಷರತಾ ಮಿಷನ್ ನಾಲ್ಕು, ಏಳು, ಹತ್ತನೆಯ ತರಗತಿ, ಮುಂದೆ ಹೈಯರ್ ಸೆಕೆಂಡರಿ, ಹೀಗೆ ಒಂದರ ಮೇಲೊಂದು ಸಮಾನತಾ ಪರೀಕ್ಷೆಗಳನ್ನು ಇಟ್ಟಿದೆ. ಕಾಸರಗೋಡಿನ ನಮ್ಮವರು ಕನ್ನಡದಲ್ಲೇ ಹತ್ತನೆಯದನ್ನು ಬರೆಯುತ್ತಾರೆ. 2018ರಲ್ಲಿ 96 ವರ್ಷದ ಕಾರ್ತ್ಯಾಯನಿ ಅಮ್ಮ ಅಲ್ಲಿನ ಸಾಕ್ಷರತಾ ಪರೀಕ್ಷೆಯಲ್ಲಿ ನೂರಕ್ಕೆ 98 ಅಂಕ ಪಡೆದದ್ದನ್ನು ಪತ್ರಿಕೆಗಳಲ್ಲಿ ಓದಿ ನಾವೆಲ್ಲ ಮೆಚ್ಚಿದೆವು. ಒಬ್ಬಟ್ಟಿನ ತಟ್ಟೆ ಹಿಡಿದು ನಕ್ಕ ಬಂಧುವೇ ಆ ಸುದ್ದಿಯನ್ನು ನನಗೆ ಮೊಬೈಲಿನಲ್ಲಿ ಕಳಿಸಿದ್ದರು!

ಶಾಲೆಗೆ ಸ್ವಾಗತ ಕಮಾನು ಕಟ್ಟಿಸುತ್ತೇವೆ, ಅದರ ಮೇಲೆ ನಮ್ಮ ಬ್ಯಾಚಿನ ಹೆಸರು ಕೆತ್ತಿಸುತ್ತೇವೆ ಎಂದು ನಿಮ್ಮಲ್ಲಿ ಕೆಲವರು ಪತ್ರ ಬರೆದಿದ್ದೀರಿ. ದಯವಿಟ್ಟು ಬೇಡ. ಸಂಜೆ ಆರೂವರೆಯಿಂದ ಎಂಟೂವರೆಯವರೆಗೆ ಒಂದು ಕೋಣೆ, ಇಬ್ಬರು ನಿರುದ್ಯೋಗಿ ಬಿ.ಎಡ್. ಪದವೀಧರರಿಗೆ ಗೌರವಧನ, ಹತ್ತು ಮಂದಿಯ ಪರೀಕ್ಷಾ ಶುಲ್ಕ, ದೂರದ ಹಳ್ಳಿಯವರನ್ನು ಮನೆ ಮುಟ್ಟಿಸಲು ಒಂದು ಆಟೋ. ಈ ಕೊನೆಯದನ್ನು ಮರೆಯಬೇಡಿ. ಕತ್ತಲಾದ ಮೇಲೆ ಹೆಂಗಸರು ಹಿಂದಿರುಗುವ ದಾರಿಯ ಯೋಚನೆಯಿಲ್ಲದೆ ಸಂಜೆ ಶಾಲೆ ತೆರೆಯುವುದು ಗಂಡಸರ ಕಲ್ಪನೆ. ಕಚೇರಿಗಳಲ್ಲಿರುವ ಶಿಷ್ಯರು ಹಣ ಕೊಡುವುದೇ ಬೇಡ. ನಿಮ್ಮ ಮೇಜಿನ ಮುಂದೆ ಇಂಥವರು ಬಂದಾಗ ಕಣ್ಣೆತ್ತಿ ನೋಡಿ, ಕಾಗದದ ಕೆಲಸವನ್ನು ಒಂದೇ ಸಲಕ್ಕೆ ಹೇಳಿ. ಹಳ್ಳಿಗಳಲ್ಲಿ ಮೇಷ್ಟರಾಗಿರುವವರು ಹಳೆಯ ಹಾಜರಾತಿ ಪುಸ್ತಕಗಳನ್ನು ಬೀರುವಿನಿಂದ ಕೆಳಗಿಳಿಸಿ, ಕೆಂಪು ಗೀಟಿರುವ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅವರಲ್ಲಿ ಬಹುಪಾಲು ಜನ ಇನ್ನೂ ಅದೇ ಊರಿನಲ್ಲಿದ್ದಾರೆ.

ಅಂತೂ ಆಕೆಯ ಅರ್ಜಿ ಖಾಸಗಿ ಅಭ್ಯರ್ಥಿಯಾಗಿ ಸ್ವೀಕೃತವಾಯಿತು. ಮೊದಲ ಪರೀಕ್ಷೆಯಲ್ಲಿ ಕನ್ನಡಕ್ಕೆ 88, ಸಮಾಜ ವಿಜ್ಞಾನಕ್ಕೆ 51, ಇಂಗ್ಲಿಷಿಗೆ ಅಂಚಿನಲ್ಲಿ ಪಾಸು. ವಿಜ್ಞಾನ ಮತ್ತು ಗಣಿತ ಹೋದವು. ಗಣಿತದಲ್ಲಿ 22. ಮೇಷ್ಟರಿಗೆ ಮುಖ ತೋರಿಸಲಾರೆನೆಂದು ಒಂದು ವಾರ ಬರಲಿಲ್ಲ. ಈ ಸಲ ನಾನು ಗೀಟೆಳೆಯಲಿಲ್ಲ. ಮೊಮ್ಮಗನ ಸ್ಕೂಟರಿನ ಹಿಂದೆ ಕುಳಿತು, ಏರಿಯ ಮೇಲಿನ ಗಾಳಿಗೆ ಟೋಪಿ ಹಿಡಿದುಕೊಂಡು ಅವಳ ಊರಿಗೆ ಹೋದೆ. ಚಿಪ್ಪಿನ ರಾಶಿಯ ಪಕ್ಕದಲ್ಲಿ ಕುಳಿತಿದ್ದವಳು ಎದ್ದು ಕೈ ಒರೆಸಿಕೊಂಡಳು. ವರ್ಗ ಸಮೀಕರಣವನ್ನು ಮೊದಲಿನಿಂದ ಹಿಡಿದಿದ್ದೇವೆ. ಮಂಗಳವಾರ ಮತ್ತು ಶುಕ್ರವಾರ, ಸಂಜೆ ಆರೂವರೆಗೆ. ಹೋದ ಶುಕ್ರವಾರ ಅವಳ ಜೊತೆಗೆ ಇನ್ನಿಬ್ಬರು ಹೆಂಗಸರೂ, ತನಗೆ ಬೇಡ ಸುಮ್ಮನೆ ನೋಡಲು ಬಂದೆನೆನ್ನುತ್ತಾ ಒಬ್ಬ ಲಾರಿ ಚಾಲಕನೂ ಬಂದು ಕುಳಿತಿದ್ದರು.