ಪರದೇಶದಲ್ಲಿ ಓದುವ ಮಕ್ಕಳ ದಿನಚರಿ

ಮಕ್ಕಳನ್ನು ಉನ್ನತ ವ್ಯಾಸಂಗಕ್ಕಾಗಿ ಪರದೇಶಕ್ಕೆ ಕಳುಹಿಸುವ ಕುಟುಂಬಗಳು ನಮ್ಮ ಭಾಗದಲ್ಲಿಯೂ ಈಗ ಅಪರೂಪವಲ್ಲ. ಬ್ಯಾಂಕಿನ ಸಾಲ, ವೀಸಾ, ವಿಮಾನದ ಟಿಕೆಟ್ ಇವುಗಳ ಕುರಿತು ತಿಂಗಳುಗಟ್ಟಲೆ ಚರ್ಚಿಸುವ ನಾವು, ಅವರು ಅಲ್ಲಿ ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವಾಗ ಮಲಗುತ್ತಾರೆ ಎಂಬುದನ್ನು ಕೇಳುವುದೇ ಇಲ್ಲ. ನಮ್ಮ ವಿಚಾರಣೆಯೆಲ್ಲ "ಊಟ ಆತೇನು?" ಎಂಬಲ್ಲಿಗೆ ಮುಗಿಯುತ್ತದೆ. ಆ ಕಡೆಯಿಂದ "ಆತು" ಎಂಬ ಉತ್ತರವೂ ಸಿದ್ಧವಾಗಿಯೇ ಇರುತ್ತದೆ.

ನನ್ನ ತಂಗಿಯ ಮಗ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ. ಡಿಸೆಂಬರಿನಲ್ಲಿ ಅಲ್ಲಿ ಬೆಳಿಗ್ಗೆ 8ರ ಸುಮಾರಿಗೆ ಸೂರ್ಯ ಮೂಡುತ್ತಾನೆ, ಸಂಜೆ 4ರ ಸುಮಾರಿಗೆ ಮುಳುಗುತ್ತಾನೆ. ಹುಡುಗ ಕತ್ತಲಲ್ಲಿ ತರಗತಿಗೆ ಹೋಗಿ ಕತ್ತಲಲ್ಲಿಯೇ ಹೊರಬರುತ್ತಿದ್ದ. ಅನಂತರ ಅಂಗಡಿಯೊಂದರಲ್ಲಿ ಸರಕು ಜೋಡಿಸುವ ಕೆಲಸ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅಲ್ಲಿಯ ಕಾನೂನು ಅವಕಾಶ ಕೊಟ್ಟಿದೆ. ದೇಹ ಅಷ್ಟಕ್ಕೆ ಒಪ್ಪುತ್ತದೆಯೇ ಎಂಬುದು ಬೇರೆ ಪ್ರಶ್ನೆ. ರಾತ್ರಿ 10ಕ್ಕೆ ಕೋಣೆ ಸೇರಿ, 11ಕ್ಕೆ ಅನ್ನ ಬೇಯಿಸಿ ಉಣ್ಣುವುದು. ಬೆಳಿಗ್ಗೆ ಹಾಲಿಲ್ಲದ ಕಾಫಿಯೇ ಉಪಾಹಾರ.

ಇನ್ನು ಮಲಗಬೇಕೆನ್ನುವಾಗ, 12.30ಕ್ಕೆ, ತಾಯಿಯ ಫೋನು. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ತಂಗಿಗೆ ಅದು ನಸುಕಿನ 5 ಗಂಟೆ. ಸ್ನಾನ ಮುಗಿಸಿ ಮಗನ ಮುಖ ನೋಡುವ ಹೊತ್ತು. "ಒಂದೇ ಸಲಕ್ಕೆ ಫೋನ್ ಎತ್ತುತ್ತಾನೆ ನೋಡು" ಎಂದು ಅವಳು ಸಂತೋಷಪಡುತ್ತಿದ್ದಳು. ಆ ಕರೆಗಾಗಿಯೇ ಅವನು ನಿದ್ದೆ ತಡೆದು ಕೂತಿರುತ್ತಾನೆಂಬುದು ನನಗೂ ಹೊಳೆದಿರಲಿಲ್ಲ.

ಫೆಬ್ರವರಿಯ ಪರೀಕ್ಷೆಯಲ್ಲಿ ಒಂದು ವಿಷಯ ಹೋಯಿತು. ಅವನು ಅದನ್ನು ಯಾರಿಗೂ ತಿಳಿಸಲಿಲ್ಲ. ಬೆನ್ನುನೋವು, ಸದಾ ಆಯಾಸ, ಓದಿದ್ದು ನೆನಪಿನಲ್ಲಿ ನಿಲ್ಲದಿರುವುದು ಇವೆಲ್ಲವನ್ನೂ ಚಳಿಯ ಮೇಲೆ ಹಾಕಿದ. ಕೊನೆಗೆ ಗೆಳೆಯರ ಒತ್ತಾಯಕ್ಕೆ ರಕ್ತಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ ಮತ್ತು ಬಿ-12 ಎರಡೂ ಬಹಳ ಕಡಿಮೆಯಿದ್ದವು.

ಇದರಲ್ಲಿ ಆಶ್ಚರ್ಯವೇನಿಲ್ಲ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಅಲ್ಲಿಯ ಬಿಸಿಲು ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವಷ್ಟು ಪ್ರಖರವಾಗಿರುವುದಿಲ್ಲ. ನಮ್ಮಂಥ ಕಂದುಬಣ್ಣದವರಿಗಂತೂ ಇನ್ನೂ ಹೆಚ್ಚು ಬಿಸಿಲು ಬೇಕು. ಬಿ-12 ಕಾಳು, ಕಾಯಿಪಲ್ಲೆಗಳಲ್ಲಿ ದೊರೆಯುವುದಿಲ್ಲ. ಸಸ್ಯಾಹಾರಿಗೆ ಅದರ ಆಸರೆ ಹಾಲು, ಮೊಸರು, ಮಜ್ಜಿಗೆ. ಮನೆಯಲ್ಲಿ ಊಟದ ಜೊತೆ ತಾನಾಗಿಯೇ ಬರುತ್ತಿದ್ದ ಮೊಸರನ್ನು ಅಲ್ಲಿ ಬಡಿಸುವವರಿಲ್ಲ. ಕೊರತೆಯಿದೆಯೆಂದು ಊರಿನಿಂದ ಗುಳಿಗೆಯ ಪೊಟ್ಟಣ ಕಳುಹಿಸುವುದೂ ಸರಿಯಲ್ಲ. ವಿಟಮಿನ್ ಡಿ ಅತಿಯಾದರೆ ಮೂತ್ರಪಿಂಡಕ್ಕೆ ಅಪಾಯ. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ವಿದ್ಯಾರ್ಥಿಗಳಿಗೆ ಆರೋಗ್ಯ ವಿಮೆ ಅಲ್ಲಿ ಕಡ್ಡಾಯ. ಕಂತು ಕಟ್ಟಿಯೂ ವೈದ್ಯರ ಬಳಿಗೆ ಹೋಗದಿರುವುದು ನಮ್ಮ ಮಕ್ಕಳ ಸಂಕೋಚ.

ಸೋಮಾರಿತನವೆಂದು ಹುಡುಗನನ್ನು ಬೈಯುವುದು ಸುಲಭ. ನನ್ನ ಅಭಿಪ್ರಾಯದಲ್ಲಿ ಅವನ ದಿನಚರಿಯ ಅರ್ಧ ತಪ್ಪು ನಮ್ಮದು. ಹಗಲಿನಲ್ಲಿ ಅರ್ಧ ಗಂಟೆ ಹೊರಗೆ ನಡೆ, ಮಧ್ಯಾಹ್ನ ವಿಶ್ವವಿದ್ಯಾಲಯದ ಭೋಜನಶಾಲೆಯಲ್ಲಿ ಸಸ್ಯಾಹಾರದ ಬಿಸಿಯೂಟ ಮಾಡು, ರಾತ್ರಿ ಹಗುರಾಗಿ ಉಣ್ಣು ಎಂದು ಹೇಳಿ ಕಳುಹಿಸಿದವರು ಯಾರು? ನಾವು ಕಟ್ಟಿಕೊಟ್ಟದ್ದು ಕಟಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ. ಅದು ಒಳ್ಳೆಯದೇ. ಈಗ ಅವನು ಆ ಚಟ್ನಿಪುಡಿಯನ್ನು ಅಲ್ಲಿಯ ಕಪ್ಪು ಬ್ರೆಡ್ಡಿಗೆ ಹಚ್ಚಿಕೊಂಡು, ಒಂದು ಬಟ್ಟಲು ಮೊಸರಿನೊಡನೆ ಬೆಳಗಿನ ಉಪಾಹಾರ ಮಾಡುತ್ತಾನೆ.

ನಸುಕಿನ ಫೋನನ್ನು ತಂಗಿ ನಿಲ್ಲಿಸಿದ್ದಾಳೆ. ಮೊದಲ ವಾರ ಅವಳಿಗೆ ಸ್ನಾನವಾದ ಮೇಲೆ ಕೈಯಾಡದಂತಾಗಿತ್ತಂತೆ. ಈಗ ನಮ್ಮ ಸಂಜೆ ಆರೂವರೆಗೆ ಮಾತನಾಡುತ್ತಾಳೆ. ಚಳಿಗಾಲದಲ್ಲಿ ಅವನಿಗದು ಮಧ್ಯಾಹ್ನ 2 ಗಂಟೆ. ಹೋದ ವಿಷಯವನ್ನು ಅವನು ಮತ್ತೆ ಬರೆದಿದ್ದಾನೆ, ಫಲಿತಾಂಶ ಇನ್ನೂ ಬಂದಿಲ್ಲ. ಈ ಸಲ ಅದನ್ನು ತಾಯಿಗೆ ಮುಂಚೆಯೇ ಹೇಳಿದ್ದಾನೆ.