ಗ್ರಾಫಿಕ್ಸ್ ಕಾರ್ಡಿನ ಪೂರ್ವಪಕ್ಷ

ನಮ್ಮ ನ್ಯಾಯಶಾಸ್ತ್ರಕಾರರು ಮಾತಿನ ಹೋರಾಟವನ್ನು ಮೂರು ಬಗೆಯಾಗಿ ವಿಂಗಡಿಸಿರುವರು. ನಿಜವನ್ನು ತಿಳಿಯಬೇಕೆಂದು ಇಬ್ಬರು ಕೂಡಿ ನಡೆಸುವುದು ವಾದ. ಹೇಗಾದರೂ ಗೆಲ್ಲಬೇಕೆಂದು ನಡೆಸುವುದು ಜಲ್ಪ. ತನ್ನದೊಂದು ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯ ಮಾತನ್ನು ಕೆಡಹುವುದಷ್ಟೇ ವಿತಂಡ. ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈಚೆಗೆ ಗ್ರಾಫಿಕ್ಸ್ ಕಾರ್ಡಿನ ವಿಷಯವಾಗಿ ನಡೆಯುವ ಮಾತನ್ನು ಕೇಳಿದರೆ, ಈ ಮೂರರಲ್ಲಿ ಮೊದಲನೆಯದು ಬಲು ಅಪರೂಪವೆಂದು ತೋರುವುದು. ಅಣ್ಣನದು ಎನ್‌ವಿಡಿಯಾ ಪಕ್ಷ, ತಮ್ಮನದು ಎಎಂಡಿ ಪಕ್ಷ; ಹಣ ಕೊಡತಕ್ಕ ತಂದೆ ಮಾತ್ರ ಯಾವ ಪಕ್ಷವೂ ತಿಳಿಯದೆ ನಡುವೆ ಕುಳಿತಿರುವರು. ಹತ್ತಾರು ಸಾವಿರ ರೂಪಾಯಿಗಳ ಪ್ರಶ್ನೆಯಾದುದರಿಂದ ಈ ತಿಂಗಳು ಅದನ್ನೇ ವಿಚಾರಿಸಬೇಕೆಂದಿದ್ದೇವೆ.

ಮೊದಲು ವಸ್ತುಸ್ವರೂಪವನ್ನು ತಿಳಿಯೋಣ. ಕಂಪ್ಯೂಟರಿನ ಸಾಮಾನ್ಯ ತೆರೆಯಲ್ಲಿ ಅಡ್ಡಲಾಗಿ ೧,೯೨೦, ಉದ್ದಕ್ಕೆ ೧,೦೮೦, ಒಟ್ಟು ೨೦,೭೩,೬೦೦ ಚುಕ್ಕೆಗಳಿರುವುವು. ಆಟವೊಂದು ಸೆಕೆಂಡಿಗೆ ೬೦ ಚಿತ್ರಗಳಂತೆ ಓಡಬೇಕಾದರೆ ಅಷ್ಟೂ ಚುಕ್ಕೆಗಳ ಬಣ್ಣವನ್ನು ಸೆಕೆಂಡಿಗೆ ೬೦ ಸಲ ನಿರ್ಣಯಿಸಬೇಕು. ಅಂದರೆ ಹನ್ನೆರಡು ಕೋಟಿಗೂ ಮಿಕ್ಕ ನಿರ್ಣಯಗಳು. ಕಂಪ್ಯೂಟರಿನ ಮುಖ್ಯ ಪ್ರೊಸೆಸರು ಕಠಿಣವಾದ ಲೆಕ್ಕಗಳನ್ನು ಬೇಗಬೇಗನೆ ಬಿಡಿಸುವ ಕೆಲವೇ ಮಂದಿ ಜಾಣ ವಿದ್ಯಾರ್ಥಿಗಳಿದ್ದಂತೆ. ಗ್ರಾಫಿಕ್ಸ್ ಕಾರ್ಡಾದರೋ, ಕೂಡುವ ಗುಣಿಸುವ ಸಣ್ಣ ಲೆಕ್ಕಗಳನ್ನು ಏಕಕಾಲದಲ್ಲಿ ಮಾಡುವ ಸಾವಿರಾರು ಹುಡುಗರ ಶಾಲೆ. ಆಟಕ್ಕಲ್ಲದೆ ಚಲಚ್ಚಿತ್ರ ಸಂಕಲನಕ್ಕೂ, ಕೃತಕ ಬುದ್ಧಿಮತ್ತೆಯ ಕೆಲಸಕ್ಕೂ ಇದೇ ಶಕ್ತಿ ಬೇಕಾಗುವುದು.

ಇವುಗಳನ್ನು ರೂಪಿಸುವ ಕಂಪೆನಿಗಳಲ್ಲಿ ಮುಖ್ಯವಾದುವು ಎರಡು. ಅಮೆರಿಕದ ಎನ್‌ವಿಡಿಯಾ ೧೯೯೩ರಲ್ಲಿ ಹುಟ್ಟಿದ್ದು. ಅದರ ಕಾರ್ಡಿಗೆ ಜೀಫೋರ್ಸ್ ಎಂದು ಹೆಸರು. ಕೆನಡಾ ದೇಶದಲ್ಲಿ ೧೯೮೫ರಲ್ಲಿ ಹುಟ್ಟಿದ ಎಟಿಐ ಎಂಬ ಕಂಪೆನಿಯನ್ನು ೨೦೦೬ರಲ್ಲಿ ಎಎಂಡಿ ಕೊಂಡುಕೊಂಡಿತು; ಅದರ ಕಾರ್ಡಿಗೆ ರೇಡಿಯಾನ್ ಎಂದು ಹೆಸರು. ಇವೆರಡರ ಸ್ಪರ್ಧೆಗೆ ೨೦೨೫ರ ಮಾರ್ಚಿಗಿಂತ ಒಳ್ಳೆಯ ಉದಾಹರಣೆ ದೊರೆಯದು. ಆ ತಿಂಗಳ ೫ನೆಯ ತಾರೀಖು ಜೀಫೋರ್ಸ್ ಆರ್‌ಟಿಎಕ್ಸ್ ೫೦೭೦ ಮಾರಾಟಕ್ಕೆ ಬಂದಿತು. ಮರುದಿನವೇ ರೇಡಿಯಾನ್ ಆರ್‌ಎಕ್ಸ್ ೯೦೭೦ ಬಂದಿತು. ಎರಡಕ್ಕೂ ಅಮೆರಿಕದಲ್ಲಿ ಸಾರಿದ ಬೆಲೆ ೫೪೯ ಡಾಲರ್. ಬೆಲೆ ಒಂದೇ ಆದಮೇಲೆ ವಿವಾದಕ್ಕೆ ಉಳಿದುದು ಗುಣವೊಂದೇ.

ಗುಣವನ್ನು ಅಳೆಯುವುದು ಹೇಗೆ? ಮಾರುವವನ ಮಾತೂ ಒಂದು ಶಬ್ದಪ್ರಮಾಣವೇ. ಆದರೆ ಅವನು ಆಪ್ತನೋ ಅಲ್ಲವೋ ನೋಡಬೇಕು. ೨೦೨೫ರ ಜನವರಿಯಲ್ಲಿ ಲಾಸ್ ವೇಗಸ್ ನಗರದ ಪ್ರದರ್ಶನದಲ್ಲಿ ಎನ್‌ವಿಡಿಯಾದ ಮುಖ್ಯಸ್ಥರಾದ ಜೆನ್ಸನ್ ಹುವಾಂಗ್ ಎಂಬವರು, ಈ ೫೪೯ ಡಾಲರಿನ ಕಾರ್ಡು ತಮ್ಮದೇ ಹಿಂದಿನ ೧,೫೯೯ ಡಾಲರಿನ ಆರ್‌ಟಿಎಕ್ಸ್ ೪೦೯೦ಕ್ಕೆ ಸಮನಾದ ವೇಗವನ್ನು ಕೊಡುವುದೆಂದು ಸಾರಿದರು. ಈ ಸಮತ್ವದ ಮೂಲವೇನೆಂದರೆ, ಹೊಸ ಕಾರ್ಡು ತಾನು ಲೆಕ್ಕ ಹಾಕಿ ಬರೆದ ಒಂದು ಚಿತ್ರಕ್ಕೆ ಮೂರರವರೆಗೆ ಊಹಾಚಿತ್ರಗಳನ್ನು ಸೇರಿಸಬಲ್ಲುದು. ಹಳೆಯದು ಒಂದನ್ನು ಮಾತ್ರ ಸೇರಿಸುತ್ತಿತ್ತು. ಊಹಾಚಿತ್ರಗಳನ್ನು ಬಿಟ್ಟು ಅಳೆದಾಗ ಹೊಸ ಕಾರ್ಡು ೪೦೯೦ಕ್ಕಿಂತ ಬಹಳ ಹಿಂದೆ ಉಳಿಯಿತು. ಒಬ್ಬ ವರ್ತಕನು ರಾಶಿಯೇರುವಂತೆ ಅಳೆದು ಮತ್ತೊಬ್ಬನು ಬಾಯಿಗೆ ಸಮನಾಗಿ ಅಳೆದರೆ ಇಬ್ಬರದೂ ಒಂದು ಸೇರೇ. ಅಕ್ಕಿ ಮಾತ್ರ ಒಂದೇ ಅಲ್ಲ. ಊಹಾಚಿತ್ರಗಳಿಂದ ದೃಶ್ಯವು ಕಣ್ಣಿಗೆ ನಯವಾಗಿ ಹರಿಯುವುದು ನಿಜ. ಆದರೆ ಕೈ ಒತ್ತಿದ ಗುಂಡಿಗೆ ಆಟವು ಓಗೊಡುವ ಚುರುಕು ಅವುಗಳಿಂದ ಹೆಚ್ಚದು, ಕೊಂಚ ಕುಗ್ಗುವುದೂ ಉಂಟು.

ಇದನ್ನು ಓದಿ ಎಎಂಡಿ ಪಕ್ಷದವರು ಹಿಗ್ಗಬೇಕಾದುದಿಲ್ಲ. ೨೦೦೧ರಲ್ಲಿ ಎಟಿಐ ತನ್ನ ರೇಡಿಯಾನ್ ೮೫೦೦ ಎಂಬ ಕಾರ್ಡನ್ನು ಹೊರತಂದಾಗ, ಪರೀಕ್ಷಕರು ಕ್ವೇಕ್ ಎಂಬ ಆಟದ ಕಡತದಲ್ಲಿ ಆ ಹೆಸರನ್ನು ಕ್ವ್ಯಾಕ್ ಎಂದು ತಿದ್ದಿ ಓಡಿಸಿದರು. ಒಡನೆಯೇ ವೇಗ ಇಳಿಯಿತು, ಚಿತ್ರದ ಅಂದ ಏರಿತು! ಆಟದ ಹೆಸರನ್ನು ಗುರುತಿಸಿ, ಅಂದವನ್ನು ತಗ್ಗಿಸಿ ವೇಗವನ್ನು ಹೆಚ್ಚಿಸುವ ಏರ್ಪಾಡು ಅದರ ಡ್ರೈವರ್ ತಂತ್ರಾಂಶದಲ್ಲಿ ಇತ್ತು. ಆಮೇಲೆ ಅದನ್ನು ಸರಿಪಡಿಸಿದರು. ಎನ್‌ವಿಡಿಯಾ ೨೦೧೪ರಲ್ಲಿ ಮಾರಿದ ಜಿಟಿಎಕ್ಸ್ ೯೭೦ರಲ್ಲಿ ೪ ಗಿಗಾಬೈಟ್ ಮೆಮೊರಿ ಇದ್ದರೂ ಅದರಲ್ಲಿ ಅರ್ಧ ಗಿಗಾಬೈಟ್ ಬಹು ನಿಧಾನವಾದುದೆಂದು ಮರುವರ್ಷ ಬಯಲಾಯಿತು. ೨೦೧೬ರಲ್ಲಿ ಅಮೆರಿಕದ ಗ್ರಾಹಕರಿಗೆ ಕಾರ್ಡೊಂದಕ್ಕೆ ೩೦ ಡಾಲರ್ ಕೊಡಲು ಕಂಪೆನಿ ಒಪ್ಪಿತು. ಇಬ್ಬರೂ ವರ್ತಕರೇ. ವರ್ತಕನಲ್ಲಿ ವ್ಯವಹಾರ ಇರಿಸಿಕೊಳ್ಳಬಹುದು, ಭಕ್ತಿ ಸಲ್ಲದು.

ಹಾಗಾದರೆ ಬೇರೆಯವರು ಅಳೆದ ಅಳತೆಯನ್ನೇ ನೋಡಬೇಕು. ಅಲ್ಲಿಯೂ ಒಂದು ಎಚ್ಚರ ಅಗತ್ಯ. ಸೆಕೆಂಡಿಗೆ ಸರಾಸರಿ ೬೦ ಚಿತ್ರಗಳೆಂದು ಬರೆದಿದ್ದರೆ ಸಾಲದು. ೫೯ ಚಿತ್ರಗಳು ಸೆಕೆಂಡಿನ ಹತ್ತರಲ್ಲಿ ಎಂಟು ಭಾಗದೊಳಗೆ ಬಂದು, ಉಳಿದ ಒಂದೇ ಚಿತ್ರವು ಮಿಕ್ಕ ಎರಡು ಭಾಗವನ್ನೂ ನುಂಗಿದರೆ, ಲೆಕ್ಕಕ್ಕೆ ೬೦ ಸರಿ. ಆದರೆ ಕಣ್ಣಿಗೆ ಆಟವು ಎಡವಿದಂತೆ ತೋರುವುದು. ೨೦೧೧ರಲ್ಲಿ ಸ್ಕಾಟ್ ವಾಸನ್ ಎಂಬ ಪರೀಕ್ಷಕರು ಒಂದೊಂದು ಚಿತ್ರಕ್ಕೆ ಹಿಡಿದ ಕಾಲವನ್ನೇ ಅಳೆಯಬೇಕೆಂದು ತೋರಿಸಿಕೊಟ್ಟ ಮೇಲೆ ಈ ದೋಷವು ಎಲ್ಲರಿಗೂ ಗೋಚರಿಸಿತು. ಈಗಿನ ಒಳ್ಳೆಯ ಪರೀಕ್ಷಕರು ಸರಾಸರಿಯ ಪಕ್ಕದಲ್ಲಿ ಅತಿ ನಿಧಾನವಾದ ನೂರರಲ್ಲೊಂದು ಪಾಲಿನ ಲೆಕ್ಕವನ್ನೂ ಕೊಡುವರು. ಎರಡನ್ನೂ ಕೂಡಿಸಿ ಓದತಕ್ಕದ್ದು.

ಇನ್ನು ಮೆಮೊರಿ. ೫೦೭೦ಕ್ಕೆ ೧೨ ಗಿಗಾಬೈಟ್, ೯೦೭೦ಕ್ಕೆ ೧೬. ಇದು ಮನೆಯ ಉಗ್ರಾಣವಿದ್ದಂತೆ. ಸಾಮಾನು ಹಿಡಿಸುವಷ್ಟು ದಿನ ಅದರ ಚಿಂತೆಯಿಲ್ಲ, ಹಿಡಿಸದ ದಿನ ಮನೆಯೆಲ್ಲ ಅಸ್ತವ್ಯಸ್ತ. ೨೦೨೩ರಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ ೪೦೬೦ ಟಿಐ ಎಂಬ ಒಂದೇ ಕಾರ್ಡನ್ನು ೮ ಗಿಗಾಬೈಟಿಗೆ ೩೯೯, ೧೬ಕ್ಕೆ ೪೯೯ ಡಾಲರಿನಂತೆ ಮಾರಿತು. ಹಳೆಯ ಆಟಗಳಲ್ಲಿ ಎರಡೂ ಸಮವಾಗಿ ಓಡಿದುವು. ಉಗ್ರಾಣ ಸಾಲದಷ್ಟು ದೊಡ್ಡ ಹೊಸ ಆಟಗಳಲ್ಲಿ ಮೊದಲನೆಯದು ಮುಗ್ಗರಿಸಿತು. ಆದಕಾರಣ ಐದು ವರ್ಷ ಬಾಳಬೇಕಾದ ಕಾರ್ಡನ್ನು ಇಂದಿನ ವೇಗದಿಂದ ಮಾತ್ರ ಬೆಲೆ ಕಟ್ಟಲಾಗದು.

ವಿದ್ಯುತ್ತಿನ ಲೆಕ್ಕವನ್ನೂ ಮಾಡೋಣ. ಕಂಪೆನಿಗಳೇ ಹೇಳುವಂತೆ ೫೦೭೦ಕ್ಕೆ ೨೫೦ ವಾಟ್, ೯೦೭೦ಕ್ಕೆ ೨೨೦. ಪೂರ್ಣ ಭಾರದಲ್ಲಿ ದಿನಕ್ಕೆ ನಾಲ್ಕು ಗಂಟೆ ಓಡಿಸಿದರೂ ೩೦ ವಾಟಿನ ಅಂತರವು ವರ್ಷಕ್ಕೆ ಸುಮಾರು ೪೪ ಯೂನಿಟ್ ಮಾತ್ರ. ಇದಕ್ಕಾಗಿ ಮನೆಯಲ್ಲಿ ಕಲಹ ಬೇಡ. ಹಳೆಯ ಪವರ್ ಸಪ್ಲೈ ಈ ಭಾರವನ್ನು ತಾಳದಿದ್ದರೆ ಅದನ್ನು ಬದಲಾಯಿಸುವ ಖರ್ಚೇ ದೊಡ್ಡದು. ಅದನ್ನು ಬೆಲೆಗೆ ಮೊದಲೇ ಸೇರಿಸಿಕೊಳ್ಳಬೇಕು. ಕಂಪೆನಿ ಸಾರಿದ ಬೆಲೆ ಬೇರೆ, ತೆರಿಗೆಯೂ ಸೇರಿ ನಮ್ಮ ಅಂಗಡಿಯಲ್ಲಿ ಕೇಳುವ ಬೆಲೆ ಬೇರೆ ಎಂಬುದನ್ನೂ ಮರೆಯಬಾರದು. ಅಲ್ಲಿ ೫೪೯, ೫೪೯ ಎಂದು ಸಮನಾಗಿದ್ದುವು ಇಲ್ಲಿ ಸಮನಾಗಿರಲೇಬೇಕೆಂಬ ನಿಯಮವಿಲ್ಲ.

ಇಷ್ಟಾದ ಮೇಲೆ ಯಾವುದು ಮೇಲು? ಬೆಲೆ ಸಮನಾಗಿದ್ದರೆ, ೨,೫೬೦ಕ್ಕೆ ೧,೪೪೦ ಚುಕ್ಕೆಗಳ ತೆರೆಯಲ್ಲಿ ಆಟವಾಡಿ ಹಲವು ವರ್ಷ ಇರಿಸಿಕೊಳ್ಳುವವನಿಗೆ ೯೦೭೦ ಮೇಲೆಂದು ನಮ್ಮ ಮತ. ಸಾಧಾರಣ ಆಟಗಳ ಪರೀಕ್ಷೆಗಳಲ್ಲಿ ಅದು ಒಟ್ಟಿನಲ್ಲಿ ಸ್ವಲ್ಪ ಮುಂದಿತ್ತು, ಉಗ್ರಾಣವೂ ದೊಡ್ಡದು. ಬೆಳಕಿನ ಕಿರಣಗಳ ಪೂರ್ಣ ಮಾರ್ಗವನ್ನೇ ಲೆಕ್ಕ ಹಾಕುವ ಭಾರಿ ಆಟಗಳನ್ನು ಬಯಸುವವನಿಗೂ, ಎನ್‌ವಿಡಿಯಾದ ಕೂಡಾ ಎಂಬ ಏರ್ಪಾಡನ್ನು ಆಧರಿಸಿದ ತಂತ್ರಾಂಶಗಳಲ್ಲಿ ವ್ಯಾಸಂಗ ಮಾಡುವವನಿಗೂ ೫೦೭೦ ಮೇಲು. ಬರೆಯುವುದು, ಓದುವುದು, ಪಾಠ ಕೇಳುವುದು ಇಷ್ಟೇ ಆದರೆ ಪ್ರೊಸೆಸರಿನಲ್ಲೇ ಅಡಕವಾಗಿ ಬರುವ ಗ್ರಾಫಿಕ್ಸ್ ಧಾರಾಳವಾಗಿ ಸಾಕು, ಎರಡೂ ಬೇಡ.

ಕಡೆಯದಾಗಿ ಗೃಹಸ್ಥರಲ್ಲಿ ಒಂದು ಸೂಚನೆ. ನಮ್ಮ ಹಿಂದಿನ ಆಚಾರ್ಯರು ಸಿದ್ಧಾಂತವನ್ನು ಹೇಳುವ ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ಮತವನ್ನು, ಅವನೇ ತಲೆದೂಗುವಂತೆ ವಿವರಿಸುತ್ತಿದ್ದರು. ನಿಮ್ಮ ಮಗನೋ ಮಗಳೋ ಕಾರ್ಡು ಬೇಕೆಂದು ಬಂದಾಗ ಬೇಡವೆಂದು ಗದರಿಸಬೇಡಿರಿ, ಒಡನೆ ಹಣವನ್ನೂ ಎಣಿಸಬೇಡಿರಿ. ನಮ್ಮ ತೆರೆ ಎಷ್ಟು ದೊಡ್ಡದು, ಕೆಲಸ ಯಾವುದು, ಎಷ್ಟು ವರ್ಷ ಬಾಳಬೇಕು, ಒಟ್ಟು ಖರ್ಚೆಷ್ಟು ಎಂಬ ನಾಲ್ಕು ಪ್ರಶ್ನೆಗಳಿಗೆ ಒಂದು ಹಾಳೆಯಲ್ಲಿ ಉತ್ತರ ಬರೆಯಿಸಿರಿ. ಅದರ ಕೆಳಗೆ, ತನಗೆ ಬೇಡವಾದ ಕಾರ್ಡಿನ ಪರವಾಗಿ ಹೇಳಬಹುದಾದ ಮೂರು ಒಳ್ಳೆಯ ಮಾತುಗಳನ್ನೂ ಬರೆಯಲಿ. ಬರೆಯಬಲ್ಲವನಾದರೆ ಅವನು ಪರೀಕ್ಷಿಸಿ ಆರಿಸಿದ್ದಾನೆಂದು ನಂಬಿ ಕೊಡಿಸಬಹುದು. ಬರೆಯಲಾರದಿದ್ದರೆ ಮತ್ತೊಂದು ವಾರ ಓದಿ ಬರಲೆಂದು ಕಳುಹಿಸಿರಿ. ಅಷ್ಟರಲ್ಲಿ ಅಂಗಡಿಯೇನೂ ಮುಚ್ಚಿಹೋಗದು.