ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮೊದಲು ಕ್ಯಾಮೆರಾ ನೋಡಿ

ಮೇಲುಕೋಟೆಯ ಅಕ್ಕ-ತಂಗಿ ಕೊಳದ ಮೆಟ್ಟಿಲ ಮೇಲೆ ಮದುಮಕ್ಕಳನ್ನು ನಿಲ್ಲಿಸಿ ತೆಗೆದ ವಿಡಿಯೊ ಕೊನೆಗೆ ತಲುಪುವುದು ಪಾಂಡವಪುರ, ಕೆ.ಆರ್. ಪೇಟೆಯಂಥ ಊರುಗಳ ಸ್ಟುಡಿಯೊ ಡೆಸ್ಕ್‌ಟಾಪಿಗೆ. ಎಡಿಟಿಂಗ್ ವೇಳೆ ಅದು ತಡವರಿಸಿತೆಂದರೆ ಸಿಗುವ ಮೊದಲ ಸಲಹೆ ‘ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ’ ಎಂಬುದು. ಹತ್ತಾರು ಸಾವಿರ ರೂಪಾಯಿಯ ಈ ಸಲಹೆ ಎಷ್ಟೋ ಸಲ ತಪ್ಪು ಜಾಗಕ್ಕೆ ಹಣ ಸುರಿಸುತ್ತದೆ. 2021ರಲ್ಲಿ ಬಂದ ಸೋನಿ ಎ7-4ರಂಥ ಕ್ಯಾಮೆರಾಗಳು ಬಣ್ಣದ ವಿವರ ಹೆಚ್ಚು ಉಳಿಯಲೆಂದು 4:2:2, 10-ಬಿಟ್ ಮಾದರಿಯಲ್ಲಿ ರೆಕಾರ್ಡ್ ಮಾಡಬಲ್ಲವು. ಎಚ್.265ರಲ್ಲಿ ಅಡಕಗೊಂಡ ಆ ಫೈಲನ್ನು ಬಿಚ್ಚುವ ಸರ್ಕ್ಯೂಟ್ ಎನ್‌ವಿಡಿಯಾದ ಆರ್‌ಟಿಎಕ್ಸ್ 3060ರಲ್ಲಿಲ್ಲ, ಲಕ್ಷ ದಾಟುವ 4090ರಲ್ಲೂ ಇಲ್ಲ. ಕಂಪನಿ ಅದನ್ನು ಕೊಟ್ಟದ್ದು 2025ರಲ್ಲಿ, 50ರ ಸರಣಿಯಲ್ಲಿ. ಆದರೆ 12ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ನ ಒಳಗೇ ಇರುವ ಪುಟ್ಟ ಗ್ರಾಫಿಕ್ಸ್ ಈ ಕೆಲಸವನ್ನು ಸಲೀಸಾಗಿ ಮಾಡುತ್ತದೆ. ಹೆಸರಿನ ಕೊನೆಗೆ ‘ಎಫ್’ ಇರುವ ಮಾದರಿಗಳಲ್ಲಿ ಮಾತ್ರ ಅದಿರುವುದಿಲ್ಲ. ತಮಾಷೆಯೆಂದರೆ, ಹೊಸ ಕಾರ್ಡ್ ಕೂರಿಸಿದೊಡನೆ ಕೆಲವು ಮದರ್‌ಬೋರ್ಡ್‌ಗಳು ಈ ಒಳಗಿನ ಗ್ರಾಫಿಕ್ಸನ್ನು ತಾವಾಗಿಯೇ ಆಫ್ ಮಾಡುತ್ತವೆ. ಬಯಾಸ್‌ಗೆ ಹೋಗಿ ಮತ್ತೆ ಆನ್ ಮಾಡದಿದ್ದರೆ ದುಡ್ಡು ಕೊಟ್ಟು ಸಿಸ್ಟಂ ನಿಧಾನ ಮಾಡಿಕೊಂಡಂತೆ.

ಹಾಗಾದರೆ ಕಾರ್ಡೇ ಬೇಡವೇ? ಬಣ್ಣ ತಿದ್ದುವುದು, ಬೆಳಕು ಸಾಲದ ಛತ್ರದ ದೃಶ್ಯಗಳ ನಾಯ್ಸ್ ತೆಗೆಯುವುದು ಕಾರ್ಡಿನ ಕೆಲಸಗಳೇ. ಡಾವಿಂಚಿ ರಿಸಾಲ್ವ್ ಬಳಸುವವರಿಗಂತೂ ಅದು ಬೇಕೇ ಬೇಕು. ಫೈಲ್ ಬಿಚ್ಚುವ ತೊಡಕಿಗೆ ಪ್ರಾಕ್ಸಿ, ಅಂದರೆ ಹಗುರ ನಕಲು ಫೈಲ್ ಮಾಡಿಕೊಂಡರಾಯಿತು ಎನ್ನುವವರ ಮಾತೂ ಸರಿಯೇ. ಆದರೆ ಲಗ್ನದ ತಿಂಗಳಲ್ಲಿ ಒಂದರ ಹಿಂದೊಂದು ಮದುವೆ ಬರುವಾಗ ಪ್ರತಿ ಕ್ಲಿಪ್ಪಿಗೂ ನಕಲು ಮಾಡುತ್ತ ಕೂರುವ ವ್ಯವಧಾನ ಯಾರಿಗಿದೆ? ಕಾರ್ಡ್ ಬೇಕೆಂದೇ ತೀರ್ಮಾನವಾದರೂ ಲೆಕ್ಕ ಅಲ್ಲಿಗೆ ಮುಗಿಯದು. ಮದರ್‌ಬೋರ್ಡಿನ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್, 3060 ಕೇಳುವುದು 170. ಉಳಿದದ್ದು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಿಂದಲೇ ಬರಬೇಕು. ಎನ್‌ವಿಡಿಯಾ ಸೂಚಿಸುವುದು 550 ವ್ಯಾಟಿನದು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ನೆಚ್ಚಿ ಈ ಕಾರ್ಡ್ ಹಾಕಿಸುವುದು ಅಪಾಯ. ಅಗ್ಗವೆಂದು ಜಿಟಿ 710 ತರುವುದೂ ವ್ಯರ್ಥ, ಆ ತಲೆಮಾರಿಗೆ ಹೊಸ ಡ್ರೈವರ್ ಕೊಡುವುದನ್ನು ಕಂಪನಿ 2021ರಲ್ಲೇ ನಿಲ್ಲಿಸಿದೆ. ಇನ್ನು ನಾಗಮಂಗಲವೋ ಶ್ರೀರಂಗಪಟ್ಟಣವೋ, ನುಡಿ ತಂತ್ರಾಂಶದಲ್ಲಿ ಅರ್ಜಿ, ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಗೆ ಈ ಚರ್ಚೆಯೇ ಬೇಡ. ಒಂದು ಎಸ್‌ಎಸ್‌ಡಿ ಸಾಕು.

ವಿಡಿಯೊ ಎಡಿಟ್ ಮಾಡುವವರಿಗೆ ತೊಡಕು ಎಲ್ಲಿದೆಯೆಂದು ತಿಳಿಯುವ ಪರೀಕ್ಷೆ ಕಷ್ಟದ್ದಲ್ಲ. ಪ್ರೀಮಿಯರ್‌ನಲ್ಲಿ ಕ್ಲಿಪ್ ಓಡಿಸುತ್ತ ಟಾಸ್ಕ್ ಮ್ಯಾನೇಜರ್ ತೆರೆದರೆ ‘ವಿಡಿಯೊ ಡಿಕೋಡ್’ ಎಂಬ ಗೆರೆ ಕಾಣುತ್ತದೆ. ಅದು ನೆಲಕಚ್ಚಿ ಪ್ರೊಸೆಸರ್ ಮಾತ್ರ ಏದುಸಿರು ಬಿಡುತ್ತಿದ್ದರೆ ಫೈಲ್ ಬಿಚ್ಚುವ ಭಾರವೆಲ್ಲ ಅದರ ಮೇಲೇ ಬಿದ್ದಿದೆ. ಅಂಗಡಿಗೆ ಹೋಗುವಾಗ ತಮ್ಮದೇ ಕ್ಯಾಮೆರಾದ ಕ್ಲಿಪ್ಪನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಆ ಕಾರ್ಡ್ ಇರುವ ಸಿಸ್ಟಂನಲ್ಲಿ ಓಡಿಸಿ ತೋರಿಸಲು ಕೇಳಬೇಕು. ಒಲ್ಲೆನೆಂದರೆ ಮೈಸೂರಿನಲ್ಲಿ ಬೇರೆ ಅಂಗಡಿಗಳಿಗೇನೂ ಬರವಿಲ್ಲ.